ಉಚಿತ ಬಸ್ ಪ್ರಯಾಣ: ಅರ್ಹತೆ, ದುರುಪಯೋಗ ಮತ್ತು ಉದ್ಯೋಗದಾತರ ಹೊಣೆ

ಕರ್ನಾಟಕ ಸರ್ಕಾರವು 2023ರ ಜೂನ್ 11ರಂದು 'ಶಕ್ತಿ' ಯೋಜನೆಯನ್ನು ಜಾರಿಗೆ ತಂದ ದಿನದಿಂದ ವ್ಯಾಪಾರಸ್ಥರೂ ಸಣ್ಣ ಕೈಗಾರಿಕೋದ್ಯಮಿಗಳೂ ಲೆಕ್ಕಪರಿಶೋಧಕರ ಮುಂದೆ ಇಡುತ್ತಿರುವ ಪ್ರಶ್ನೆಗಳು ಮುಖ್ಯವಾಗಿ ಮೂರು. ಮೊದಲನೆಯದು, ಮಹಿಳಾ ನೌಕರರಿಗೆ ಬಸ್ ಪ್ರಯಾಣವೇ ಉಚಿತವಾಗಿರುವಾಗ ಅವರಿಗೆ ಕೊಡುತ್ತಿದ್ದ ಸಾರಿಗೆ ಭತ್ಯೆಯನ್ನು ನಿಲ್ಲಿಸಬಹುದೇ ಎಂಬುದು. ಎರಡನೆಯದು, ಸಂಸ್ಥೆಯ ಕೆಲಸದ ಮೇಲೆ ಉಚಿತವಾಗಿ ಹೋಗಿಬಂದವರು ಬಸ್ ದರವನ್ನು ವೋಚರ್‌ನಲ್ಲಿ ಬರೆದು ತಂದರೆ ಅದನ್ನು ಒಪ್ಪಬಹುದೇ ಎಂಬುದು. ಮೂರನೆಯದು, ರಿಯಾಯಿತಿ ಪಾಸ್ ಪಡೆಯಲು ಪರಿಚಿತರು 'ಲೆಟರ್‌ಹೆಡ್‌ನಲ್ಲಿ ಒಂದು ಪತ್ರ' ಕೇಳಿದರೆ ಕೊಡಬಹುದೇ ಎಂಬುದು.

ಮೇಲ್ನೋಟಕ್ಕೆ ಇವು ಸಣ್ಣ ಮೊತ್ತದ ವಿಷಯಗಳು. ಆದರೆ ಮೊದಲನೆಯ ಪ್ರಶ್ನೆಗೆ ತಪ್ಪು ಉತ್ತರ ಕಂಡುಕೊಂಡ ಸಣ್ಣ ಘಟಕವೊಂದು ಲಕ್ಷಾಂತರ ರೂಪಾಯಿಗಳ ಹೊಣೆಗೆ ಗುರಿಯಾಗಬಹುದು. ಮೂರನೆಯದಕ್ಕೆ ತಪ್ಪು ಉತ್ತರ ಕೊಟ್ಟ ಮಾಲೀಕರು ಕ್ರಿಮಿನಲ್ ಮೊಕದ್ದಮೆಯನ್ನು ಎದುರಿಸಬೇಕಾಗಬಹುದು. ಆದುದರಿಂದ ಉಚಿತ ಪ್ರಯಾಣಕ್ಕೆ ಯಾರು ಅರ್ಹರು, ದುರುಪಯೋಗವೆಂದರೆ ಯಾವುದು, ಉದ್ಯೋಗದಾತರು ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಯೋಜನೆಯ ಸ್ವರೂಪ

ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಕಲ್ಪನೆ ನಮ್ಮ ರಾಜ್ಯದಲ್ಲಿಯೇ ಮೊದಲು ಹುಟ್ಟಿದ್ದಲ್ಲ. ದೆಹಲಿಯಲ್ಲಿ 2019ರ ಅಕ್ಟೋಬರ್ 29ರಿಂದ ಗುಲಾಬಿ ಬಣ್ಣದ ಟಿಕೆಟ್‌ಗಳ ಮೂಲಕ ಈ ಸೌಲಭ್ಯ ಆರಂಭವಾಯಿತು. ತಮಿಳುನಾಡು 2021ರ ಮೇ ತಿಂಗಳಲ್ಲಿ ಸಾಮಾನ್ಯ ದರದ ನಗರ ಬಸ್‌ಗಳಲ್ಲಿ ಇದನ್ನು ತಂದಿತು. ಕರ್ನಾಟಕದ ನಂತರ ತೆಲಂಗಾಣವು 2023ರ ಡಿಸೆಂಬರ್ 9ರಂದು, ಆಂಧ್ರಪ್ರದೇಶವು 2025ರ ಆಗಸ್ಟ್ 15ರಂದು ಇದೇ ಹಾದಿ ಹಿಡಿದವು.

ನಮ್ಮಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ, ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಮತ್ತು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಈ ನಾಲ್ಕೂ ಸಂಸ್ಥೆಗಳ ಬಸ್‌ಗಳಿಗೆ ಯೋಜನೆ ಅನ್ವಯಿಸುತ್ತದೆ. 2025ರ ಜುಲೈ 14ರಂದು ಉಚಿತ ಪ್ರಯಾಣಗಳ ಒಟ್ಟು ಸಂಖ್ಯೆ 500 ಕೋಟಿಯನ್ನು ತಲುಪಿತು. 2024-25ರ ಆಯವ್ಯಯದಲ್ಲಿ ಈ ಬಾಬ್ತಿಗೆ ರೂ. 5,015 ಕೋಟಿ, 2025-26ರಲ್ಲಿ ರೂ. 5,300 ಕೋಟಿ ಒದಗಿಸಲಾಗಿತ್ತು. ಇಷ್ಟು ದೊಡ್ಡ ಮೊತ್ತದ ಸಾರ್ವಜನಿಕ ಹಣ ಹರಿಯುವಲ್ಲಿ ಅರ್ಹತೆಯ ನಿಯಮಗಳು ಸ್ಪಷ್ಟವಾಗಿರಬೇಕಾದುದೂ ಅವುಗಳ ಪಾಲನೆಯಾಗಬೇಕಾದುದೂ ಸಹಜವೇ.

ಯಾರು ಅರ್ಹರು?

(1) ಕರ್ನಾಟಕದ ನಿವಾಸಿಗಳಾದ ಎಲ್ಲ ವಯಸ್ಸಿನ ಮಹಿಳೆಯರು, ಬಾಲಕಿಯರು ಹಾಗೂ ಲಿಂಗತ್ವ ಅಲ್ಪಸಂಖ್ಯಾತರು ಅರ್ಹರು. ಇಲ್ಲಿ ಆದಾಯದ ಮಿತಿಯಿಲ್ಲ. ಪಡಿತರ ಚೀಟಿಯ ಷರತ್ತಿಲ್ಲ. ಕೂಲಿ ಮಾಡುವ ಮಹಿಳೆ ಹೇಗೋ ಹಾಗೆಯೇ ಅಂಗಡಿಯ ಒಡತಿಯೂ ಅರ್ಹಳು.

(2) ಭಾವಚಿತ್ರವೂ ಕರ್ನಾಟಕದ ವಿಳಾಸವೂ ಇರುವ, ಸರ್ಕಾರ ನೀಡಿದ ಗುರುತಿನ ಚೀಟಿಯ ಆಧಾರದ ಮೇಲೆ ಯೋಜನೆ ಆರಂಭವಾಯಿತು. ಹೊರರಾಜ್ಯದ ವಿಳಾಸವಿರುವವರು ಎಷ್ಟೇ ವರ್ಷದಿಂದ ಇಲ್ಲಿ ದುಡಿಯುತ್ತಿದ್ದರೂ ವಿಳಾಸವನ್ನು ಕ್ರಮಬದ್ಧವಾಗಿ ಬದಲಿಸಿಕೊಳ್ಳದೆ ಸೌಲಭ್ಯ ಪಡೆಯಲಾರರು. ಅನ್ಯರಾಜ್ಯಗಳಿಂದ ಬಂದ ಮಹಿಳಾ ಕಾರ್ಮಿಕರನ್ನು ಇಟ್ಟುಕೊಂಡಿರುವ ಸಿದ್ಧ ಉಡುಪು ಮತ್ತು ಆಹಾರ ಸಂಸ್ಕರಣಾ ಘಟಕಗಳವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

(3) ನಗರ, ಸಾಮಾನ್ಯ ಹಾಗೂ ವೇಗದೂತ ಬಸ್‌ಗಳಲ್ಲಿ ಮಾತ್ರ ಪ್ರಯಾಣ ಉಚಿತ. ರಾಜಹಂಸ, ಐರಾವತ, ಅಂಬಾರಿ, ವಜ್ರ, ವಾಯುವಜ್ರ ಮುಂತಾದ ಐಷಾರಾಮಿ ಮತ್ತು ಹವಾನಿಯಂತ್ರಿತ ಸೇವೆಗಳೂ ಸ್ಲೀಪರ್ ಬಸ್‌ಗಳೂ ಇದರಲ್ಲಿ ಸೇರಿಲ್ಲ.

(4) ಖಾಸಗಿ ಬಸ್‌ಗಳಿಗೂ ಮೆಟ್ರೊಗೂ ಯೋಜನೆ ಅನ್ವಯಿಸದು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಜನಸಂಚಾರದ ದೊಡ್ಡ ಪಾಲು ಖಾಸಗಿ ಬಸ್‌ಗಳದೇ ಆಗಿರುವುದರಿಂದ ಅಲ್ಲಿಯ ಅನೇಕ ಮಹಿಳಾ ನೌಕರರು ಇಂದಿಗೂ ಪೂರ್ಣ ದರ ತೆತ್ತೇ ಕೆಲಸಕ್ಕೆ ಬರುತ್ತಾರೆ. 'ಹೆಂಗಸರಿಗೆಲ್ಲ ಬಸ್ ಉಚಿತ' ಎಂಬ ಮಾತು ರಾಜ್ಯದ ಎಲ್ಲ ಭಾಗಗಳಲ್ಲಿ ಸಮನಾಗಿ ನಿಜವಲ್ಲ.

ಇದಲ್ಲದೆ ಹಿಂದಿನಿಂದಲೂ ನಡೆದುಬಂದಿರುವ ಬೇರೆ ಪಾಸ್‌ಗಳಿವೆ. ವಿದ್ಯಾರ್ಥಿ ಪಾಸ್ ವಾಸಸ್ಥಳದಿಂದ ವಿದ್ಯಾಸಂಸ್ಥೆಯವರೆಗಿನ ನಿರ್ದಿಷ್ಟ ಮಾರ್ಗಕ್ಕೆ ನೀಡಿದ್ದು. ಅಂಗವಿಕಲರ ರಿಯಾಯಿತಿ ಪಾಸ್ ವೈದ್ಯಕೀಯ ಪ್ರಮಾಣಪತ್ರವನ್ನು ಆಧರಿಸಿದ್ದು. ಹಿರಿಯ ನಾಗರಿಕರಿಗೆ ದರದಲ್ಲಿ ಶೇ. 25ರಷ್ಟು ರಿಯಾಯಿತಿ ಇದೆ. ನೋಂದಾಯಿತ ಕಟ್ಟಡ ಕಾರ್ಮಿಕರಿಗಾಗಿ ಕಲ್ಯಾಣ ಮಂಡಳಿಯ ನಿಧಿಯಿಂದ ಉಚಿತ ಬಸ್ ಪಾಸ್ ಕೊಟ್ಟದ್ದೂ ಉಂಟು. ಇವೆಲ್ಲಕ್ಕೂ ಸಾಮಾನ್ಯವಾದ ಲಕ್ಷಣ ಒಂದೇ: ಪಾಸ್ ವ್ಯಕ್ತಿಗೆ ಸೇರಿದ್ದು. ಅದು ಅವರ ಮನೆಯವರದಲ್ಲ, ಅವರು ದುಡಿಯುವ ಸಂಸ್ಥೆಯದೂ ಅಲ್ಲ.

ಶೂನ್ಯ ಟಿಕೆಟ್ಟಿನ ಲೆಕ್ಕ

ಶಕ್ತಿ ಯೋಜನೆಯಡಿ ಪ್ರಯಾಣಿಸುವವರಿಗೆ ನಿರ್ವಾಹಕರು ಹಣ ಪಡೆಯದೆ ಶೂನ್ಯ ಮೊತ್ತದ ಟಿಕೆಟ್ ಕೊಡುತ್ತಾರೆ. 'ಹೇಗೂ ಉಚಿತ, ಟಿಕೆಟ್ ಏಕೆ?' ಎಂದು ಕೇಳುವವರಿದ್ದಾರೆ. ವ್ಯಾಪಾರಿಗಳಿಗೆ ಇದನ್ನು ವಿವರಿಸುವುದು ಸುಲಭ. ಶೂನ್ಯ ಟಿಕೆಟ್ ಎಂದರೆ ಬೆಲೆಯಿಲ್ಲದ ಚೀಟಿಯಲ್ಲ. ಮತ್ತೊಬ್ಬರ ಖಾತೆಗೆ ಖರ್ಚು ಹಾಕಿ ಬರೆದ ಉದ್ದರಿ ಬಿಲ್ಲು. ಪ್ರಯಾಣಿಕಳು ಗ್ರಾಹಕಳು, ನಿಗಮವು ಮಾರಾಟಗಾರ, ಹಣ ಕೊಡಬೇಕಾದದ್ದು ಸರ್ಕಾರ. ಹತ್ತಿದ ಸ್ಥಳ, ಇಳಿಯುವ ಸ್ಥಳ ನಮೂದಾಗಿರುವ ಈ ಟಿಕೆಟ್‌ಗಳ ಆಧಾರದ ಮೇಲೆಯೇ ನಿಗಮಗಳು ಸರ್ಕಾರದಿಂದ ಹಣವನ್ನು ಕೇಳುತ್ತವೆ.

ಹೀಗಾಗಿ ಟಿಕೆಟ್ ಪಡೆಯದೆ ಪ್ರಯಾಣಿಸಿದರೆ ನಿಗಮಕ್ಕೆ ಬರಬೇಕಾದ ಬಾಕಿ ದಾಖಲಾಗುವುದೇ ಇಲ್ಲ. ಸಮೀಪದ ಊರಿಗೆ ಹೋಗುವವರಿಗೆ ದೂರದ ಊರಿನ ಟಿಕೆಟ್ ಕೊಟ್ಟರೆ ಸರ್ಕಾರದ ಮೇಲೆ ಇಲ್ಲದ ಹೊರೆ ಬೀಳುತ್ತದೆ. 2025ರ ಜನವರಿ 5ರಿಂದ ನಾಲ್ಕೂ ನಿಗಮಗಳ ಪ್ರಯಾಣ ದರ ಶೇ. 15ರಷ್ಟು ಏರಿತು. ಆ ಏರಿಕೆಯನ್ನು ತನ್ನ ಜೇಬಿನಿಂದ ತೆತ್ತವನು ಪುರುಷ ಪ್ರಯಾಣಿಕ. ಉಚಿತ ಪ್ರಯಾಣಕ್ಕೆ ಸಂದದ್ದು ತೆರಿಗೆದಾರರ ಹಣ. ವ್ಯಾಪಾರಸ್ಥರು ಇಬ್ಬರಲ್ಲಿಯೂ ಸೇರಿದ್ದಾರೆ.

ದುರುಪಯೋಗದ ಬಗೆಗಳು

ದುರುಪಯೋಗವೆಂದರೆ ಕೇವಲ ಪ್ರಯಾಣಿಕರ ತಪ್ಪು ಎಂಬ ಭಾವನೆ ಸರಿಯಲ್ಲ. ಅದನ್ನು ನಾಲ್ಕಾಗಿ ವಿಂಗಡಿಸಬಹುದು.

(ಅ) ಅನರ್ಹರು ಪಡೆಯುವುದು: ಬೇರೆಯವರ ಗುರುತಿನ ಚೀಟಿ ತೋರಿಸುವುದು, ವಿಳಾಸ ತಿದ್ದಿದ ಪ್ರತಿಯನ್ನು ತೋರಿಸುವುದು, ವ್ಯಾಸಂಗ ಬಿಟ್ಟ ಬಳಿಕವೂ ವಿದ್ಯಾರ್ಥಿ ಪಾಸ್ ಬಳಸುವುದು ಇತ್ಯಾದಿ.

(ಆ) ಅರ್ಹರೇ ಮಿತಿಮೀರಿ ಬಳಸುವುದು: ಕಾಲೇಜಿನ ಮಾರ್ಗಕ್ಕೆ ಪಡೆದ ಪಾಸ್ ಹಿಡಿದು ಊರಿನ ಇನ್ನೊಂದು ದಿಕ್ಕಿನ ಅಂಗಡಿಗೆ ಕೆಲಸಕ್ಕೆ ಹೋಗುವುದು ಇದಕ್ಕೆ ಉದಾಹರಣೆ.

(ಇ) ಕೊಡುವವರ ಕಡೆಯ ಅಕ್ರಮ: ಪುರುಷ ಪ್ರಯಾಣಿಕನಿಂದ ಹಣ ಪಡೆದು ಶೂನ್ಯ ಟಿಕೆಟ್ ನೀಡುವುದು, ಪ್ರಯಾಣಿಕರೇ ಇಲ್ಲದೆ ಟಿಕೆಟ್ ಹರಿಯುವುದು. ಲೆಕ್ಕದ ದೃಷ್ಟಿಯಿಂದ ಇದು ಹೆಚ್ಚು ಅಪಾಯಕಾರಿ. ಏಕೆಂದರೆ ನಗದು ನಿರ್ವಾಹಕನ ಜೇಬಿಗೆ ಹೋದರೂ ಟಿಕೆಟ್‌ಗಳ ಸಂಖ್ಯೆ ಸರಿಯಾಗಿಯೇ ತಾಳೆಯಾಗುತ್ತದೆ. ಕೊರತೆ ನಿಗಮದ ಪುಸ್ತಕದಲ್ಲಿ ಕಾಣದೆ ಸರ್ಕಾರದ ಬಿಲ್ಲಿನಲ್ಲಿ ಅಡಗಿಕೊಳ್ಳುತ್ತದೆ. ಬಸ್ಸನ್ನು ನಿಲ್ಲಿಸಿ ತಲೆ ಎಣಿಸಿದಾಗ ಮಾತ್ರ ಇದು ಪತ್ತೆಯಾಗುತ್ತದೆ. ಪುರುಷ ನೌಕರರು ವೋಚರ್‌ಗೆ ಲಗತ್ತಿಸುವ ಟಿಕೆಟ್ಟನ್ನು ಕ್ಯಾಷಿಯರ್ ಕಣ್ಣಿಟ್ಟು ನೋಡಬೇಕಾದದ್ದು ಇದೇ ಕಾರಣದಿಂದ.

(ಈ) ಮೂರನೆಯವರ ಲಾಭ: ಪಾಸ್ ಒಬ್ಬರ ಹೆಸರಿನಲ್ಲಿ, ಅದರಿಂದ ಹಣ ಉಳಿಸಿಕೊಳ್ಳುವವರು ಇನ್ನೊಬ್ಬರು. ಉದ್ಯೋಗದಾತರು ತಿಳಿದೋ ತಿಳಿಯದೆಯೋ ಸೇರಿಕೊಳ್ಳುವುದು ಈ ನಾಲ್ಕನೆಯ ಗುಂಪಿಗೆ.

ಸರಿಯಾದ ಟಿಕೆಟ್ ಅಥವಾ ಪಾಸ್ ಇಲ್ಲದೆ ಬಸ್ಸಿನಲ್ಲಿ ಪ್ರಯಾಣಿಸಿದರೆ ಮೋಟಾರು ವಾಹನ ಕಾಯ್ದೆ, 1988ರ 178ನೆಯ ಕಲಮಿನಡಿ ರೂ. 500ರವರೆಗೆ ದಂಡವಿದೆ. ಟಿಕೆಟ್ ನೀಡದ ಅಥವಾ ಕಡಿಮೆ ಮೊತ್ತದ ಟಿಕೆಟ್ ನೀಡುವ ನಿರ್ವಾಹಕನಿಗೂ ಅದೇ ಕಲಮಿನಲ್ಲಿ ದಂಡ ವಿಧಿಸಲಾಗಿದೆ. ದಾಖಲೆ ತಿದ್ದಿದ್ದರೆ ವಿಷಯ ಅಷ್ಟಕ್ಕೇ ನಿಲ್ಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ವಂಚನೆ (ಕಲಂ 318) ಹಾಗೂ ಖೊಟ್ಟಿ ದಾಖಲೆಯ (ಕಲಂ 336 ಮತ್ತು 340) ಉಪಬಂಧಗಳು ಅನ್ವಯವಾಗುತ್ತವೆ.

ಸಾರಿಗೆ ಭತ್ಯೆಯನ್ನು ಕಡಿತಗೊಳಿಸಬಹುದೇ?

ಈಗ ಮೊದಲನೆಯ ಪ್ರಶ್ನೆಗೆ ಬರೋಣ. 'ಬಸ್ ಉಚಿತವಾದ ಮೇಲೆ ಭತ್ಯೆಯ ಉದ್ದೇಶವೇ ಉಳಿದಿಲ್ಲ, ಆದ್ದರಿಂದ ಮಹಿಳೆಯರಿಗೆ ಭತ್ಯೆ ನಿಲ್ಲಿಸಿದ್ದೇವೆ' ಎನ್ನುವ ವಾದ ತರ್ಕಬದ್ಧವೆಂದು ತೋರಬಹುದು. ಕಾನೂನು ಅದನ್ನು ಒಪ್ಪುವುದಿಲ್ಲ.

ಒಂದೇ ಬಗೆಯ ಕೆಲಸಕ್ಕೆ ಸ್ತ್ರೀ ಪುರುಷರಿಗೆ ಸಮಾನ ಸಂಭಾವನೆ ನೀಡಬೇಕೆಂಬ ನಿಯಮ 1976ರ ಸಮಾನ ವೇತನ ಕಾಯ್ದೆಯಿಂದಲೇ ಇದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಆ ಕಾಯ್ದೆಯ ಸ್ಥಾನವನ್ನು ವೇತನ ಸಂಹಿತೆ, 2019 ಪಡೆದಿದೆ. ಸಂಹಿತೆಯ 3ನೆಯ ಕಲಂ ಒಂದೇ ಕೆಲಸ ಅಥವಾ ಸದೃಶ ಸ್ವರೂಪದ ಕೆಲಸ ಮಾಡುವವರ ನಡುವೆ ವೇತನದ ವಿಷಯದಲ್ಲಿ ಲಿಂಗದ ಆಧಾರದ ಮೇಲೆ ಭೇದ ಮಾಡುವುದನ್ನು ನಿಷೇಧಿಸುತ್ತದೆ.

'ಭತ್ಯೆ ವೇತನವಲ್ಲವಲ್ಲ?' ಎಂದು ಕೆಲವರು ಕೇಳಬಹುದು. ಸಂಹಿತೆಯ 2(ವೈ) ಕಲಮಿನಲ್ಲಿರುವ 'ವೇತನ'ದ ವ್ಯಾಖ್ಯೆಯನ್ನು ಪೂರ್ಣವಾಗಿ ಓದದಿರುವುದರಿಂದ ಈ ಸಂದೇಹ ಹುಟ್ಟುತ್ತದೆ. ಆ ವ್ಯಾಖ್ಯೆಯ ಡಿ ಖಂಡದಲ್ಲಿ ಸಾರಿಗೆ ಭತ್ಯೆಯನ್ನೂ ಪ್ರಯಾಣ ರಿಯಾಯಿತಿಯ ಮೌಲ್ಯವನ್ನೂ ವೇತನದಿಂದ ಹೊರಗಿಟ್ಟಿರುವುದು ನಿಜ. ಆದರೆ ಅದರ ಕೆಳಗಿನ ಪರಂತುಕವು, ಎಲ್ಲ ಲಿಂಗದವರಿಗೆ ಸಮಾನ ವೇತನ ನೀಡುವ ಉದ್ದೇಶಕ್ಕಾಗಿ ಡಿ, ಎಫ್, ಜಿ ಮತ್ತು ಎಚ್ ಖಂಡಗಳ ಮೊತ್ತಗಳನ್ನು ವೇತನದ ಲೆಕ್ಕಕ್ಕೆ ಸೇರಿಸಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಬೇರೆ ಲೆಕ್ಕಗಳಿಗೆ ಹೊರಗುಳಿಯುವ ಸಾರಿಗೆ ಭತ್ಯೆಯು ಸಮಾನತೆಯ ಪ್ರಶ್ನೆ ಬಂದಾಗ ಒಳಗೇ ಇರುತ್ತದೆ. ಆದುದರಿಂದ ಒಂದೇ ಕೆಲಸ ಮಾಡುವ ಪುರುಷನಿಗೆ ಭತ್ಯೆ ಕೊಟ್ಟು ಮಹಿಳೆಗೆ ನಿಲ್ಲಿಸುವುದು ವೇತನ ತಾರತಮ್ಯವೇ ಆಗುತ್ತದೆ.

ತಾರತಮ್ಯ ನಿವಾರಿಸುವ ನೆಪದಲ್ಲಿ ಪುರುಷರ ಭತ್ಯೆಯನ್ನು ಇಳಿಸುವಂತೆಯೂ ಇಲ್ಲ. ಸಮಾನತೆಯನ್ನು ಸಾಧಿಸುವುದಕ್ಕಾಗಿ ಯಾವ ನೌಕರನ ವೇತನ ದರವನ್ನೂ ಕಡಿಮೆ ಮಾಡಕೂಡದು ಎಂದು ಅದೇ 3ನೆಯ ಕಲಂ ಹೇಳುತ್ತದೆ. ಇನ್ನು ಕಾರ್ಮಿಕರ ಭತ್ಯೆಗಳನ್ನು ಯಾವುದೇ ಕಾರಣಕ್ಕೆ ಬದಲಿಸಬೇಕಾದರೂ ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ 40ನೆಯ ಕಲಮಿನಂತೆ 21 ದಿನಗಳ ಮುಂಚೆ ನೋಟಿಸು ನೀಡಬೇಕು. ತಿಂಗಳ ಕೊನೆಯಲ್ಲಿ ಸಂಬಳದ ಲಕೋಟೆ ಹಗುರವಾಗಿರುವುದನ್ನು ಕಂಡು ನೌಕರರು ವಿಷಯ ತಿಳಿದುಕೊಳ್ಳಬೇಕಾದ ಸ್ಥಿತಿ ಬರಬಾರದು.

ಒಂದು ಲೆಕ್ಕ

ಉದಾಹರಣೆಗಾಗಿ 40 ಕೆಲಸಗಾರರಿರುವ ಒಂದು ಸಿದ್ಧ ಉಡುಪು ಘಟಕವನ್ನು ತೆಗೆದುಕೊಳ್ಳೋಣ. ಅವರಲ್ಲಿ 28 ಮಂದಿ ಮಹಿಳೆಯರು. ಎಲ್ಲರೂ ಹೊಲಿಗೆ ಯಂತ್ರದ ಮೇಲೆ ಒಂದೇ ಕೆಲಸ ಮಾಡುವವರು. ಪ್ರತಿಯೊಬ್ಬರಿಗೂ ತಿಂಗಳಿಗೆ ರೂ. 1,000 ಸಾರಿಗೆ ಭತ್ಯೆಯಿದೆ. ಮಾಲೀಕರು ಮಹಿಳೆಯರ ಭತ್ಯೆಯನ್ನು ಮಾತ್ರ ನಿಲ್ಲಿಸಿದರು ಎನ್ನೋಣ.

ತಿಂಗಳ 'ಉಳಿತಾಯ': 28 × 1,000 = ರೂ. 28,000
ಒಂದು ವರ್ಷದ 'ಉಳಿತಾಯ': 28,000 × 12 = ರೂ. 3,36,000

ಈಗ ಎದುರು ಬದಿಯನ್ನು ನೋಡೋಣ. ಕಡಿಮೆ ಪಾವತಿಯ ಬಗ್ಗೆ ಮೂರು ವರ್ಷದೊಳಗೆ ಪ್ರಾಧಿಕಾರದ ಮುಂದೆ ಕ್ಲೇಮು ಸಲ್ಲಿಸಲು ವೇತನ ಸಂಹಿತೆಯ 45ನೆಯ ಕಲಂ ಅವಕಾಶ ನೀಡುತ್ತದೆ. ಬಾಕಿ ಮೊತ್ತದ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ.

ಒಂದು ವರ್ಷದ ಬಾಕಿ: ರೂ. 3,36,000
ಗರಿಷ್ಠ ಪರಿಹಾರ (ಹತ್ತು ಪಟ್ಟು): ರೂ. 33,60,000
ಒಟ್ಟು: ರೂ. 36,96,000

ಇದರ ಮೇಲೆ 54ನೆಯ ಕಲಮಿನಡಿ ಕಡಿಮೆ ವೇತನ ಪಾವತಿಗೆ ರೂ. 50,000ದವರೆಗೆ ದಂಡ ಬೇರೆ. ಗರಿಷ್ಠ ಪರಿಹಾರವನ್ನೇ ಪ್ರತಿ ಸಂದರ್ಭದಲ್ಲಿಯೂ ವಿಧಿಸುತ್ತಾರೆಂದಲ್ಲ. ಆದರೆ ವರ್ಷಕ್ಕೆ ಮೂರೂ ಚಿಲ್ಲರೆ ಲಕ್ಷ ಉಳಿಸಲು ಹೋಗಿ ಎಷ್ಟರ ಹೊಣೆಯನ್ನು ಮೈಮೇಲೆ ಎಳೆದುಕೊಂಡಂತಾಗುತ್ತದೆ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಕಾನೂನನ್ನು ಬದಿಗಿಟ್ಟು ನೋಡಿದರೂ ಇದು ನ್ಯಾಯವಲ್ಲ. ಸರ್ಕಾರವು ಬಸ್ ದರವನ್ನು ತಾನೇ ಭರಿಸಿದ್ದು ಆ ಮಹಿಳೆಯ ಕೈಯಲ್ಲಿ ನಾಲ್ಕು ಕಾಸು ಉಳಿಯಲಿ ಎಂದು. ಭತ್ಯೆ ನಿಲ್ಲಿಸಿದ ತಕ್ಷಣ ಆ ಹಣ ಅವಳ ಕೈ ತಪ್ಪಿ ಮಾಲೀಕರ ಗಲ್ಲಾಪೆಟ್ಟಿಗೆ ಸೇರುತ್ತದೆ. ಸಾರ್ವಜನಿಕ ಹಣದ ಉದ್ದೇಶವನ್ನೇ ತಿರುಗಿಸುವ ಇಂಥ ಲಾಭವು ನಾಲ್ಕನೆಯ ಬಗೆಯ ದುರುಪಯೋಗವಲ್ಲದೆ ಬೇರೇನೂ ಅಲ್ಲ.

ಕೆಲಸದ ಮೇಲಿನ ಪ್ರಯಾಣ ಮತ್ತು ವೋಚರ್

ಎರಡನೆಯ ಪ್ರಶ್ನೆಗೆ ಉತ್ತರ ಇದಕ್ಕಿಂತ ಭಿನ್ನವಾಗಿದೆ. ಭತ್ಯೆಗೂ ಮರುಪಾವತಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಮನೆಯಿಂದ ಕೆಲಸಕ್ಕೆ ಬರಲೆಂದು ಪ್ರತಿ ತಿಂಗಳು ನಿಗದಿಯಾಗಿ ಕೊಡುವುದು ಭತ್ಯೆ. ಅದು ಸಂಭಾವನೆಯ ಅಂಗ. ಬ್ಯಾಂಕಿಗೆ, ತೆರಿಗೆ ಕಚೇರಿಗೆ, ಗಿರಾಕಿಗಳ ಬಳಿಗೆ ಸಂಸ್ಥೆಯ ಕೆಲಸದ ಮೇಲೆ ಹೋದಾಗ ಕೈಯಿಂದ ಹೋದ ಹಣವನ್ನು ಹಿಂದಿರುಗಿಸುವುದು ಮರುಪಾವತಿ. ಇದು ಕೆಲಸದ ಸ್ವರೂಪದಿಂದ ಬಂದ ವಿಶೇಷ ಖರ್ಚು. ವೇತನದ ವ್ಯಾಖ್ಯೆಯಲ್ಲಿ ಇದಕ್ಕೆ ಪ್ರತ್ಯೇಕವಾದ ಇ ಖಂಡವಿದೆ. ಸಮಾನ ವೇತನದ ಲೆಕ್ಕಕ್ಕೆ ಸೇರಿಸಬೇಕಾದ ಖಂಡಗಳ ಪಟ್ಟಿಯಲ್ಲಿ ಅದು ಇಲ್ಲ.

ಆದುದರಿಂದ ಶೂನ್ಯ ಟಿಕೆಟ್ಟಿನಲ್ಲಿ ಹೋಗಿಬಂದವರಿಗೆ ಬಸ್ ದರದ ಮರುಪಾವತಿ ಸಲ್ಲದು. ಖರ್ಚೇ ಆಗಿಲ್ಲದಾಗ ಹಿಂದಿರುಗಿಸುವುದೇನನ್ನು? ಹಣ ತೆತ್ತ ಟಿಕೆಟ್ ತಂದವರಿಗೆ, ಅವರು ಸ್ತ್ರೀಯಾಗಲಿ ಪುರುಷನಾಗಲಿ, ಅಷ್ಟನ್ನೇ ಕೊಡಬೇಕು. ನಿಯಮ ಎಲ್ಲರಿಗೂ ಒಂದೇ ಆಗಿರುವುದರಿಂದ ಇಲ್ಲಿ ತಾರತಮ್ಯದ ಪ್ರಶ್ನೆ ಉದ್ಭವಿಸುವುದಿಲ್ಲ. ಆದರೆ ಪುರುಷ ನೌಕರನಿಗೆ ರಾಜಹಂಸ ಬಸ್ಸಿಗೆ ಅನುಮತಿ ನೀಡಿ, ಅದೇ ದರ್ಜೆಯ ಮಹಿಳಾ ನೌಕರಳಿಗೆ 'ನಿಮಗೆ ವೇಗದೂತ ಉಚಿತವಿದೆಯಲ್ಲ, ಅದರಲ್ಲೇ ಹೋಗಿ' ಎನ್ನುವುದು ತರವಲ್ಲ. ಯಾವ ದರ್ಜೆಯ ನೌಕರರು ಯಾವ ದರ್ಜೆಯ ವಾಹನದಲ್ಲಿ ಹೋಗಬಹುದೆಂಬ ನಿಯಮವನ್ನು ಲಿಂಗಭೇದವಿಲ್ಲದೆ ಬರೆದಿಡಬೇಕು.

ಆದಾಯ ತೆರಿಗೆಯ ದೃಷ್ಟಿಯಿಂದಲೂ ಇದೇ ಸರಿ. 1961ರ ಕಾಯ್ದೆಯಾಗಲಿ, 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪಿಸಿದ 2025ರ ಕಾಯ್ದೆಯಾಗಲಿ, ವ್ಯವಹಾರಕ್ಕಾಗಿ ನಿಜವಾಗಿ ಮಾಡಿದ ಖರ್ಚನ್ನು ಮಾತ್ರ ಕಳೆಯಲು ಬಿಡುತ್ತವೆ. ತೆರದ ಬಸ್ ದರಕ್ಕೆ ಬರೆದ ವೋಚರ್ ಸುಳ್ಳು ವೋಚರೇ ಸರಿ. ಮೊತ್ತ 40 ರೂಪಾಯಿಯಾದರೂ, ಅಂಥ ಒಂದು ವೋಚರ್ ಕಂಡ ಅಧಿಕಾರಿಗೆ ಉಳಿದ ವೋಚರ್‌ಗಳ ಮೇಲೂ ಸಂಶಯ ಮೂಡುತ್ತದೆ. ಮನೆಯಿಂದ ಕಚೇರಿಗೆ ಬರಲು ಕೊಡುವ ಭತ್ಯೆಗೆ ಹಿಂದೆ ಇದ್ದ ತಿಂಗಳಿಗೆ ರೂ. 1,600ರ ವಿನಾಯಿತಿಯನ್ನು 2018-19ನೆಯ ಆರ್ಥಿಕ ವರ್ಷದಿಂದ ಸಾಮಾನ್ಯ ನೌಕರರಿಗೆ ಹಿಂತೆಗೆದುಕೊಂಡು ಅದರ ಬದಲು ಪ್ರಮಾಣಿತ ಕಡಿತವನ್ನು ತರಲಾಯಿತು. ಹೀಗಾಗಿ ಆ ಭತ್ಯೆಯನ್ನು ಈಗ ನೌಕರರ ಸಂಬಳದ ಆದಾಯಕ್ಕೆ ಸೇರಿಸಿಯೇ ಲೆಕ್ಕ ಹಾಕಬೇಕು. ಅಂಗವಿಕಲ ನೌಕರರಿಗೆ ಮಾತ್ರ ಪ್ರತ್ಯೇಕ ವಿನಾಯಿತಿಯಿದೆ.

ಲೆಟರ್‌ಹೆಡ್ ಮತ್ತು ಪ್ರಮಾಣಪತ್ರ

ಮೂರನೆಯ ಪ್ರಶ್ನೆ ದಾಕ್ಷಿಣ್ಯದ್ದು. ಕಟ್ಟಡ ಕಾರ್ಮಿಕರ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿರಬೇಕು. ವಯಸ್ಸು 18ರಿಂದ 60ರ ಒಳಗಿರಬೇಕು. 1996ರ ಕಾಯ್ದೆಯಲ್ಲಿದ್ದ ಈ ಷರತ್ತು ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿಯೂ ಮುಂದುವರಿದಿದೆ. ನೋಂದಣಿಯಾದರೆ ಬಸ್ ಪಾಸ್ ಮಾತ್ರವಲ್ಲದೆ ವಿದ್ಯಾರ್ಥಿವೇತನ, ವೈದ್ಯಕೀಯ ನೆರವು, ಪಿಂಚಣಿ ಮುಂತಾದವುಗಳಿಗೂ ದಾರಿಯಾಗುತ್ತದೆ. ಆದ್ದರಿಂದಲೇ ಗುತ್ತಿಗೆದಾರರು, ಸಿಮೆಂಟು ಮತ್ತು ಹಾರ್ಡ್‌ವೇರ್ ವ್ಯಾಪಾರಿಗಳ ಬಳಿ '90 ದಿನ ಕೆಲಸ ಮಾಡಿದ್ದಾರೆಂದು ಒಂದು ಪತ್ರ ಕೊಡಿ' ಎಂದು ಕೇಳಿಕೊಂಡು ಬರುವವರಿದ್ದಾರೆ. ಹೀಗೆ ಸೇರಿಕೊಂಡ ಅನರ್ಹರ ಕಾರ್ಡುಗಳನ್ನು ಕಾರ್ಮಿಕ ಇಲಾಖೆಯು ಪರಿಶೀಲಿಸಿ ರದ್ದುಪಡಿಸಿದ್ದೂ ಉಂಟು.

ಕಾರ್ಡು ರದ್ದಾದರೂ ಕಡತದಲ್ಲಿ ಪತ್ರ ಉಳಿದಿರುತ್ತದೆ. ಅದರ ಮೇಲೆ ನಿಮ್ಮ ಸಹಿ, ಮೊಹರು, ಜಿ.ಎಸ್.ಟಿ. ಸಂಖ್ಯೆ ಇರುತ್ತವೆ. ಕಾನೂನಿನಂತೆ ಕೊಡಬೇಕಾದ ಪ್ರಮಾಣಪತ್ರವನ್ನು ಸುಳ್ಳೆಂದು ತಿಳಿದೂ ನೀಡುವುದು ಭಾರತೀಯ ನ್ಯಾಯ ಸಂಹಿತೆಯ 234ನೆಯ ಕಲಮಿನಡಿ ಸುಳ್ಳು ಸಾಕ್ಷ್ಯ ನುಡಿದಷ್ಟೇ ಶಿಕ್ಷಾರ್ಹ. ಮತ್ತೊಂದು ಪರಿಣಾಮವೂ ಇದೆ. ಒಬ್ಬಾತ ನಿಮ್ಮಲ್ಲಿ 90 ದಿನ ದುಡಿದನೆಂದು ನೀವೇ ಬರೆದುಕೊಟ್ಟ ಮೇಲೆ, ಅವನ ಹೆಸರು ಹಾಜರಿ ಪುಸ್ತಕದಲ್ಲಿ, ವೇತನ ಪುಸ್ತಕದಲ್ಲಿ, ಭವಿಷ್ಯನಿಧಿ ಮತ್ತು ಇ.ಎಸ್.ಐ. ಲೆಕ್ಕದಲ್ಲಿ ಏಕಿಲ್ಲ ಎಂದು ಪರಿವೀಕ್ಷಕರು ಕೇಳಿದರೆ ಉತ್ತರಿಸುವುದು ಕಷ್ಟ. ಪತ್ರ ಸುಳ್ಳೆಂದರೆ ಒಂದು ಅಪರಾಧ, ನಿಜವೆಂದರೆ ಮತ್ತೊಂದು.

ಹಾಗೆಂದು ನಿಜವಾಗಿ ದುಡಿದವನಿಗೆ ಪತ್ರ ನಿರಾಕರಿಸುವುದೂ ಸರಿಯಲ್ಲ. ಅವನ ಹಕ್ಕು ಆ ಒಂದು ಹಾಳೆಯ ಮೇಲೆ ನಿಂತಿರುತ್ತದೆ. ಹಾಜರಿ ಪುಸ್ತಕ ನೋಡಿ, ದಿನಗಳನ್ನು ಎಣಿಸಿ, ಪ್ರತಿಯೊಂದನ್ನು ಕಡತದಲ್ಲಿಟ್ಟು ಧೈರ್ಯವಾಗಿ ಕೊಡಬೇಕು.

ಉಚಿತ ಪ್ರಯಾಣಿಕರ ಕೈಯಲ್ಲಿ ಸರಕು

ವ್ಯಾಪಾರಸ್ಥರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಪ್ರಯಾಣ ಉಚಿತವೆಂದು ಮಹಿಳಾ ನೌಕರರ ಕೈಯಲ್ಲಿ ಅಂಗಡಿಯ ಸರಕನ್ನು ಊರಿಂದೂರಿಗೆ ಕಳುಹಿಸುವ ರೂಢಿ ಅಲ್ಲಲ್ಲಿ ಬೆಳೆಯುತ್ತಿದೆ. ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್‌ನಲ್ಲಿ ಪ್ರಯಾಣಿಕರು 30 ಕಿಲೋವರೆಗೆ ಉಚಿತವಾಗಿ ಒಯ್ಯಬಹುದಾದದ್ದು ಸ್ವಂತ ಲಗೇಜನ್ನು. ಅಂಗಡಿಯ ಮಾಲು ಸ್ವಂತ ಲಗೇಜಲ್ಲ. ಅದಕ್ಕೆ ಲಗೇಜು ದರ ತೆರಬೇಕು, ಇಲ್ಲವೇ ನಿಗಮವು 2021ರಲ್ಲಿ ಆರಂಭಿಸಿದ 'ನಮ್ಮ ಕಾರ್ಗೊ' ಸೇವೆಯಲ್ಲಿ ಕಳುಹಿಸಬೇಕು.

ಸರಕಿನ ಜೊತೆ ಬಿಲ್ಲು ಅಥವಾ ಡೆಲಿವರಿ ಚಲನ್ ಇರಲೇಬೇಕು. ಮೌಲ್ಯ ರೂ. 50,000 ಮೀರಿದರೆ ಇ-ವೇ ಬಿಲ್ಲೂ ಬೇಕು. ಸ್ವಂತ ವಾಹನ, ಬಾಡಿಗೆ ವಾಹನಗಳ ಜೊತೆಗೆ ಸಾರ್ವಜನಿಕ ವಾಹನವನ್ನೂ ಜಿ.ಎಸ್.ಟಿ. ನಿಯಮ 138 ಹೆಸರಿಸಿಯೇ ಹೇಳುತ್ತದೆ. ರೇಷ್ಮೆ ಸೀರೆಯ ಹತ್ತು ಹನ್ನೆರಡು ಪೆಟ್ಟಿಗೆ ಹಿಡಿದುಹೋಗುವ ನೌಕರಳ ಬಳಿ ದಾಖಲೆಯಿಲ್ಲದಿದ್ದರೆ, ದಾರಿಯಲ್ಲಿ ಸಿಕ್ಕಿಬಿದ್ದು ತೊಂದರೆ ಅನುಭವಿಸುವವಳು ಅವಳು. ತೆರಿಗೆ ಮತ್ತು ದಂಡ ತೆರಬೇಕಾದವರು ನೀವು.

ಸದಸ್ಯರ ಕೆಲವು ಸಂದೇಹಗಳು

ಪ್ರಶ್ನೆ: ಹೊಸದಾಗಿ ಸೇರುವವರಿಗೆ ಸಾರಿಗೆ ಭತ್ಯೆಯನ್ನೇ ಇಡದಿರಬಹುದೇ?
ಉತ್ತರ: ಕನಿಷ್ಠ ವೇತನಕ್ಕೆ ಧಕ್ಕೆಯಾಗದಂತೆ ವೇತನವನ್ನು ಹೇಗೆ ರಚಿಸಬೇಕೆಂಬುದು ಉದ್ಯೋಗದಾತರಿಗೆ ಬಿಟ್ಟದ್ದು. ಆದರೆ ಒಂದೇ ಕೆಲಸಕ್ಕೆ ಸೇರುವ ಪುರುಷರಿಗೆ ಇಟ್ಟು ಮಹಿಳೆಯರಿಗೆ ಬಿಡುವಂತಿಲ್ಲ. ಡಿ ಖಂಡದ ಸಾರಿಗೆ ಭತ್ಯೆಯೂ ಸೇರಿದಂತೆ ವ್ಯಾಖ್ಯೆಯಲ್ಲಿ ಹೊರಗಿಟ್ಟ ಬಾಬುಗಳ ಮೊತ್ತ ಒಟ್ಟು ಸಂಭಾವನೆಯ ಶೇ. 50ನ್ನು ಮೀರಿದರೆ ಹೆಚ್ಚಿನ ಭಾಗವು ವೇತನವೆಂದೇ ಪರಿಗಣಿತವಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಪ್ರಶ್ನೆ: ಭತ್ಯೆಯ ಬದಲು ಸಂಸ್ಥೆಯೇ ಎಲ್ಲರಿಗೂ ತಿಂಗಳ ಬಸ್ ಪಾಸ್ ಕೊಳ್ಳುತ್ತಿತ್ತು. ಈಗ ಪುರುಷರಿಗೆ ಮಾತ್ರ ಕೊಳ್ಳುತ್ತಿದ್ದೇವೆ. ಇದು ಸರಿಯೇ?
ಉತ್ತರ: ಪ್ರಯಾಣ ರಿಯಾಯಿತಿಯ ಮೌಲ್ಯವೂ ಡಿ ಖಂಡದಲ್ಲಿಯೇ ಇದೆ. ಆದ್ದರಿಂದ ಮಹಿಳೆಯರಿಗೆ ಅಷ್ಟೇ ಮೌಲ್ಯವನ್ನು ನಗದಾಗಿ ಕೊಡುವುದು ಸುರಕ್ಷಿತ ಮಾರ್ಗ.

ಪ್ರಶ್ನೆ: ಈಗಾಗಲೇ ಕಡಿತಗೊಳಿಸಿದ್ದರೆ ಏನು ಮಾಡಬೇಕು?
ಉತ್ತರ: ಕಡಿತಗೊಳಿಸಿದ ದಿನದಿಂದ ಲೆಕ್ಕ ಹಾಕಿ, ಬಾಕಿಯನ್ನು ಬ್ಯಾಂಕ್ ಖಾತೆಯ ಮೂಲಕ ಪಾವತಿಸಿ, ವೇತನ ಪುಸ್ತಕದಲ್ಲಿ 'ಹಿಂದಿನ ಅವಧಿಯ ಬಾಕಿ' ಎಂದು ನಮೂದಿಸಬೇಕು. ಯಾರೂ ಕ್ಲೇಮು ಹಾಕುವ ಮುನ್ನವೇ ಸರಿಪಡಿಸಿಕೊಂಡರೆ ಖರ್ಚು ಬಾಕಿಯಷ್ಟಕ್ಕೇ ಮುಗಿಯುತ್ತದೆ.

ಪ್ರಶ್ನೆ: ನೌಕರರ ಗುರುತಿನ ಚೀಟಿಯ ವಿಳಾಸವನ್ನು ನಾವು ಪರಿಶೀಲಿಸಬೇಕೇ?
ಉತ್ತರ: ಬಸ್ಸಿನಲ್ಲಿ ಅರ್ಹತೆ ಪರಿಶೀಲಿಸುವುದು ನಿರ್ವಾಹಕರ ಕೆಲಸ. ಆದರೆ ಅನ್ಯರಾಜ್ಯದ ನೌಕರರಿಗೆ ವಿಳಾಸ ಬದಲಾವಣೆಗೆ ವಾಸದ ಪತ್ರ ಬೇಕಾದಾಗ, ಅವರು ನಿಜವಾಗಿಯೂ ನಿಮ್ಮ ವಸತಿಗೃಹದಲ್ಲಿದ್ದರೆ ಕೊಟ್ಟು ಸಹಕರಿಸಬಹುದು.

ಪಾಲಿಸಬೇಕಾದ ಕ್ರಮಗಳು

(1) ಸಾರಿಗೆ ಭತ್ಯೆಯನ್ನು ಸ್ತ್ರೀ ಪುರುಷರೆನ್ನದೆ ಒಂದೇ ದರದಲ್ಲಿ ಇಡುವುದು.
(2) ಭತ್ಯೆಗೂ ಪ್ರಯಾಣ ವೆಚ್ಚದ ಮರುಪಾವತಿಗೂ ಲೆಕ್ಕದಲ್ಲಿ ಬೇರೆ ಬೇರೆ ಖಾತೆಗಳನ್ನು ತೆರೆಯುವುದು.
(3) ಮರುಪಾವತಿಗೆ ಹಣ ತೆತ್ತ ಟಿಕೆಟ್ ಲಗತ್ತಿಸುವುದನ್ನು ಕಡ್ಡಾಯಗೊಳಿಸುವುದು. ಶೂನ್ಯ ಟಿಕೆಟ್ ಇದ್ದರೆ ಹೋಗಿಬಂದುದಕ್ಕೆ ಸಾಕ್ಷಿಯಾಗಿ ಮೊತ್ತವಿಲ್ಲದೆ ಲಗತ್ತಿಸುವುದು.
(4) ಲೆಟರ್‌ಹೆಡ್‌ನಲ್ಲಿ ನೀಡುವ ಪ್ರಮಾಣಪತ್ರಗಳಿಗೆ ಕ್ರಮಸಂಖ್ಯೆಯಿರುವ ಪುಸ್ತಕವನ್ನಿಟ್ಟು, ಹಾಜರಿ ಪುಸ್ತಕದೊಡನೆ ತಾಳೆ ನೋಡಿದ ನಂತರವೇ ಸಹಿ ಮಾಡುವುದು.
(5) ಬಸ್ಸಿನಲ್ಲಿ ಕಳುಹಿಸುವ ಸರಕಿಗೆ ಬಿಲ್ಲು ಅಥವಾ ಚಲನ್, ಅಗತ್ಯವಿದ್ದಲ್ಲಿ ಇ-ವೇ ಬಿಲ್ಲು, ಹಾಗೂ ಲಗೇಜು ರಸೀದಿ ಇರುವಂತೆ ನೋಡಿಕೊಳ್ಳುವುದು.

ಉಚಿತ ಪ್ರಯಾಣ ಬೇಕೇ ಬೇಡವೇ ಎಂಬ ಬಗ್ಗೆ ವಾಣಿಜ್ಯ ವಲಯದಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಅದನ್ನು ಚರ್ಚಿಸಲು ಬೇರೆ ವೇದಿಕೆಗಳಿವೆ. ಯೋಜನೆ ಜಾರಿಯಲ್ಲಿರುವವರೆಗೆ ಅದರ ಲಾಭ ಯಾರಿಗೆ ಸಲ್ಲಬೇಕೋ ಅವರಿಗೇ ಸಲ್ಲುವಂತೆ ತಮ್ಮ ಸಂಸ್ಥೆಯ ಲೆಕ್ಕಪತ್ರಗಳನ್ನು ಇಟ್ಟುಕೊಳ್ಳುವುದು ಸದಸ್ಯರೆಲ್ಲರ ಕರ್ತವ್ಯ. ಮುಂದಿನ ತಿಂಗಳ ವೇತನ ಪಟ್ಟಿಗೆ ಸಹಿ ಮಾಡುವ ಮುನ್ನ ಸಾರಿಗೆ ಭತ್ಯೆಯ ಕಾಲಮ್ಮನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿ, ವ್ಯತ್ಯಾಸ ಕಂಡುಬಂದರೆ ಕೂಡಲೇ ಸರಿಪಡಿಸಿಕೊಳ್ಳುವುದು ಒಳಿತು.